147→129 ಸಿಗ್ನಲ್ ವೈಲ್ಡ್ ಟೈಪ್ ಗಡ್ಡೆಯಲ್ಲೂ ಬರುತ್ತಿದೆ: ಆಪರೇಷನ್ ನಡುವೆ ಐಡಿಎಚ್ ಉತ್ತರ ಕೊಡುವುದು ಹೇಗೆ?

ಗಾಜುಪಟ್ಟಿ (ಪ್ರಶ್ನೆ)

ಗ್ಲಯೋಮಾ (ಮೆದುಳಿನ ಒಂದು ಬಗೆಯ ಗಡ್ಡೆ) ಆಪರೇಷನ್ ನಡೆಯುತ್ತಿರುವಾಗಲೇ ಐಡಿಎಚ್ ಎಂಬ ಕಿಣ್ವದ ಜೀನ್‌ನಲ್ಲಿ ಮ್ಯುಟೇಶನ್ ಇದೆಯೋ ಇಲ್ಲವೋ ಹೇಳಲು ಡೆಸಿ ಮಾಸ್ ಸ್ಪೆಕ್ಟ್ರೋಮೆಟ್ರಿ (ಅಂಗಾಂಶದ ಮೇಲೆ ವಿದ್ಯುತ್ ಹೊತ್ತ ಸಾಲ್ವೆಂಟ್ ಸ್ಪ್ರೇ ಮಾಡಿ, ಎದ್ದ ಅಯಾನ್‌ಗಳನ್ನು ತೂಕದಿಂದ ಗುರುತಿಸುವ ವಿಧಾನ) ಹೊಂದಿಸುತ್ತಿದ್ದೇವೆ. ಉಪಕರಣ ಹಳೆಯ ಲೀನಿಯರ್ ಅಯಾನ್ ಟ್ರ್ಯಾಪ್, ಹೈ ರೆಸಲ್ಯೂಶನ್ ಇಲ್ಲ. ನೆಗೆಟಿವ್ ಮೋಡ್. ಗಡ್ಡೆಯ ಚೂರನ್ನು ಗಾಜಿನ ಸ್ಲೈಡ್ ಮೇಲೆ ಸ್ಮಿಯರ್ ಮಾಡಿ, ಮ್ಯುಟೇಶನ್ ಇರುವ ಗಡ್ಡೆಯಲ್ಲಿ ಶೇಖರವಾಗುವ 2-ಹೈಡ್ರಾಕ್ಸಿಗ್ಲುಟರೇಟ್‌ಗೆ (ಮುಂದೆ 2-ಎಚ್‌ಜಿ ಅನ್ನುತ್ತೇನೆ) 147→129 (147 ತೂಕದ ಅಯಾನ್ ಒಡೆದು 129 ಆಗುವುದು), ಮೆದುಳಿನಲ್ಲಿ ಹೇಗೂ ಇರುವ ಗ್ಲುಟಮೇಟ್‌ಗೆ 146→128 ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಅನುಪಾತ ತೆಗೆಯುತ್ತಿದ್ದೇವೆ. ಸದ್ಯಕ್ಕೆ ಫ್ರೀಜರಿನಲ್ಲಿ ಇಟ್ಟಿರುವ, ಸೀಕ್ವೆನ್ಸಿಂಗ್ ಆಗಿರುವ ಹಳೆಯ ತುಣುಕುಗಳ ಮೇಲೆ ಮಾತ್ರ ಓಡಿಸುತ್ತಿದ್ದೇವೆ.

ಮೂರು ತೊಡಕು ಇವೆ.

ಒಂದು, ಸೀಕ್ವೆನ್ಸಿಂಗ್‌ನಲ್ಲಿ ವೈಲ್ಡ್ ಟೈಪ್ (ಮ್ಯುಟೇಶನ್ ಇಲ್ಲದ್ದು) ಎಂದು ಖಚಿತವಾದ ಗ್ಲಯೋಬ್ಲಾಸ್ಟೋಮಾದಲ್ಲೂ 129 ಬರುತ್ತಿದೆ. ಸಣ್ಣದೇ, ಆದರೆ ಪ್ರತಿ ಸಲವೂ ಬರುತ್ತದೆ. ಸ್ಲೈಡ್ ಹೊಸದು, ಸಾಲ್ವೆಂಟ್ ಹೊಸದು, ಖಾಲಿ ಗಾಜಿನಲ್ಲಿ ಏನೂ ಇಲ್ಲ.

ಎರಡು, ಒಂದೇ ತುಣುಕಿನಿಂದ ಮಾಡಿದ ಎರಡು ಸ್ಮಿಯರ್‌ಗಳ ಅನುಪಾತ ಎರಡು ಮೂರು ಪಟ್ಟು ವ್ಯತ್ಯಾಸವಾಗುತ್ತದೆ.

ಮೂರು, ಕಟ್‌ಆಫ್ ಎಲ್ಲಿ ಇಡಬೇಕು? ಪ್ರಕಟವಾದ ಪ್ರಬಂಧದ ಅಂಕಿಯನ್ನೇ ತೆಗೆದುಕೊಂಡರೆ ನಡೆಯುತ್ತದೆಯೇ? ಗಡ್ಡೆಯ ಅಂಚು ನೋಡಲೂ ಇದೇ ಅನುಪಾತ ಸಾಕೇ?

---

ಅಯಾನ್‌ಗಾಳಿ

ಮೊದಲ ತೊಡಕಿಗೆ ಉತ್ತರ ಗ್ಲುಟಮೇಟಿನಲ್ಲೇ ಇದೆ, ಕೊಳೆ ಹುಡುಕುತ್ತಾ ಸೋರ್ಸ್ ಬಿಚ್ಚಬೇಡಿ.

ಗ್ಲುಟಮೇಟ್‌ನ ಅಯಾನ್ 146.046. ಅದರಲ್ಲಿ ಐದು ಕಾರ್ಬನ್, ಒಂದು ನೈಟ್ರೋಜನ್. ಯಾವುದಾದರೂ ಒಂದು ಕಾರ್ಬನ್ ಕಾರ್ಬನ್-13 ಆಗಿರುವ ಸಂಭವ ಸುಮಾರು ಶೇ 5.4, ನೈಟ್ರೋಜನ್-15 ಮತ್ತಿತರ ಚಿಲ್ಲರೆ ಸೇರಿಸಿದರೆ ಶೇ 6ರ ಹತ್ತಿರ. ಅಂದರೆ 146ರಲ್ಲಿ ನೂರು ಎಣಿಕೆ ಇದ್ದರೆ 147ರಲ್ಲಿ ಆರು ಎಣಿಕೆ ಗ್ಲುಟಮೇಟಿನದ್ದೇ. ಅದರ ಮೌಲ್ಯ 147.049. ನಿಮಗೆ ಬೇಕಾದ 2-ಎಚ್‌ಜಿ 147.030. ನಡುವಿನ ಅಂತರ 0.019, ಬೇರ್ಪಡಿಸಲು ಏಳೆಂಟು ಸಾವಿರದ ರೆಸಲ್ಯೂಶನ್ ಆದರೂ ಬೇಕು. ಆರ್ಬಿಟ್ರ್ಯಾಪ್ ಇದ್ದವರಿಗೆ ಇದು ಸಮಸ್ಯೆಯೇ ಅಲ್ಲ. ನಿಮ್ಮ ಟ್ರ್ಯಾಪ್‌ಗೆ ಎರಡೂ 147.

ಟ್ಯಾಂಡೆಮ್ (ಒಂದು ತೂಕದ ಅಯಾನ್ ಆಯ್ದು, ಒಡೆದು, ಚೂರು ನೋಡುವುದು) ಮಾಡಿದ್ದೇವಲ್ಲ, ಬಚಾವ್ ಆಗುತ್ತೇವೆ ಅಂದುಕೊಳ್ಳುವುದು ಇಲ್ಲೇ. 2-ಎಚ್‌ಜಿ ನೀರು ಕಳೆದುಕೊಂಡು 147→129 ಆಗುತ್ತದೆ. ಭಾರದ ಗ್ಲುಟಮೇಟ್ ಕೂಡ ನೀರನ್ನೇ ಕಳೆದುಕೊಳ್ಳುತ್ತದೆ, ಅದೂ 147→129. ಇಬ್ಬರೂ ಒಂದೇ ಬಾಗಿಲಿನಿಂದ ಒಳಬಂದು ಒಂದೇ ಬಾಗಿಲಿನಿಂದ ಹೊರಹೋಗುತ್ತಾರೆ. ಹಾಗಾಗಿ ಒಂದು ಕಣ 2-ಎಚ್‌ಜಿ ಇಲ್ಲದಿದ್ದರೂ ನಿಮ್ಮ ಅನುಪಾತ ಸೊನ್ನೆ ಆಗುವುದಿಲ್ಲ, 0.06ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದು ನಿಮ್ಮ ನೆಲ.

ಪರೀಕ್ಷೆ ಸುಲಭ. ಶುದ್ಧ ಗ್ಲುಟಮೇಟ್ ದ್ರಾವಣವನ್ನು ಸ್ಲೈಡ್ ಮೇಲೆ ಒಣಗಿಸಿ, ಅದೇ ಮೆಥಡ್‌ನಲ್ಲಿ ಓಡಿಸಿ. 0.06 ಸುತ್ತಮುತ್ತ ಬಂದರೆ ಎಲ್ಲ ಸರಿ ಇದೆ. ಅದಕ್ಕಿಂತ ತುಂಬ ಜಾಸ್ತಿ ಬಂದರೆ ಐಸೋಲೇಶನ್ ಕಿಟಕಿ (ಒಡೆಯಲು ಆಯ್ದುಕೊಳ್ಳುವ ತೂಕದ ವ್ಯಾಪ್ತಿ) ಅಗಲವಾಗಿ 146 ಕೂಡ ಒಳಗೆ ನುಗ್ಗುತ್ತಿದೆ. ಆಗ ಇನ್ನೊಂದು ಕಿರಿಕಿರಿ ಶುರು: 146ರ ಗ್ಲುಟಮೇಟ್ ಸ್ವಲ್ಪವೇ ಅಮೋನಿಯಾ ಕಳಚಿಕೊಂಡರೂ ಸಿಗುವುದು 129, ಮತ್ತು ಆ ತುಣುಕಿನ ಸೂತ್ರವೂ 2-ಎಚ್‌ಜಿಯ 129ರ ಸೂತ್ರವೂ ಒಂದೇ. ಅದನ್ನು ಆರ್ಬಿಟ್ರ್ಯಾಪ್ ಕೂಡ ಬೇರ್ಪಡಿಸಲಾರದು. ಆದ್ದರಿಂದ ಕಿಟಕಿಯ ಕೆಳಗಿನ ಅಂಚು 146.5ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಅಗಲ ಕಿರಿದಾದಂತೆ ಸಿಗ್ನಲ್ ಬೀಳುತ್ತದೆ, ಆ ನಷ್ಟ ಒಪ್ಪಿಕೊಳ್ಳಬೇಕು.

ಪ್ರತಿ ಸ್ಮಿಯರ್‌ನಲ್ಲಿ 146→128 ಹೇಗೂ ಅಳೆಯುತ್ತೀರಿ. ನಿಮ್ಮದೇ ಉಪಕರಣದಲ್ಲಿ ಸಿಕ್ಕ ನೆಲದ ಅಂಕಿಯನ್ನು (ಪುಸ್ತಕದ 0.06 ಅಲ್ಲ) ಅನುಪಾತದಿಂದ ಕಳೆಯಿರಿ, ಅಥವಾ ಕಳೆಯದೆ ಕಟ್‌ಆಫ್ ಅನ್ನು ಅದರ ಮೇಲೆ ಇಡಿ. ಯಾವುದಾದರೂ ಒಂದು, ಎರಡನ್ನೂ ಬೆರೆಸಬೇಡಿ.

ಇನ್ನೊಂದು. ಗ್ಲುಟಮೇಟ್ ಸೋರ್ಸ್‌ನಲ್ಲೇ ನೀರು ಬಿಟ್ಟು ಪೈರೋಗ್ಲುಟಮೇಟ್ ಆಗುವ ಸ್ವಭಾವದ್ದು. ಕ್ಯಾಪಿಲರಿ ಬಿಸಿ ಏರಿಸಿದರೆ, ಲೆನ್ಸ್ ವೋಲ್ಟೇಜ್ ಬದಲಿಸಿದರೆ 146 ಕಡಿಮೆಯಾಗಿ ಛೇದ ಕುಗ್ಗುತ್ತದೆ, ಅನುಪಾತ ಸುಮ್ಮನೆ ಮೇಲೇರುತ್ತದೆ. ಮೌಲ್ಯಮಾಪನ ಶುರುವಾದ ಮೇಲೆ ಟ್ಯೂನ್ ಫೈಲಿಗೆ ಕೈ ಹಾಕಬಾರದು. ಸರ್ವಿಸ್ ಇಂಜಿನಿಯರ್ ಬಂದು ಆಟೋಟ್ಯೂನ್ ಮಾಡಿ ಹೋದ ದಿನ ಗ್ಲುಟಮೇಟ್ ಮತ್ತು ಮಿಶ್ರಣದ ಸ್ಟಾಂಡರ್ಡ್ ಎರಡನ್ನೂ ಮತ್ತೆ ಓಡಿಸಿ.

---

ಗಾಜುಪಟ್ಟಿ

ಐಸೋಲೇಶನ್ ಅಗಲ 2 ಇಟ್ಟಿದ್ದೆವು, ನಡುಬಿಂದು 147.0. ಅಂದರೆ ಕೆಳ ಅಂಚು ಸರಿಯಾಗಿ 146ಕ್ಕೇ ಬಂದು ನಿಂತಿದೆ. ಗೊತ್ತಾಯಿತು. ಸ್ಪ್ರೇ ಸೆಟ್ಟಿಂಗ್ ಬಗ್ಗೆಯೂ ಯಾರಾದರೂ ಹೇಳಿದರೆ ಒಳ್ಳೆಯದು.

---

ಅಯಾನ್‌ಗಾಳಿ

ಅಗಲ 1, ನಡುಬಿಂದು 147.1 ಇಟ್ಟು ನೋಡಿ.

ಸ್ಪ್ರೇಗೆ ಆರಂಭದ ಅಂಕಿಗಳು: ಅಸೆಟೋನೈಟ್ರೈಲ್ ಮತ್ತು ಡೈಮೀಥೈಲ್‌ಫಾರ್ಮಮೈಡ್ ಸಮಸಮ, ನಿಮಿಷಕ್ಕೆ 1ರಿಂದ 2 ಮೈಕ್ರೋಲೀಟರ್, ನೈಟ್ರೋಜನ್ 130ರಿಂದ 150 ಪಿಎಸ್‌ಐ, ವೋಲ್ಟೇಜ್ ಮೈನಸ್ 5 ಕಿಲೋವೋಲ್ಟ್, ಸ್ಪ್ರೇ ಕೋನ 52ರಿಂದ 55 ಡಿಗ್ರಿ, ತುದಿಯಿಂದ ಸ್ಲೈಡ್‌ಗೆ ಸುಮಾರು 2 ಮಿಲಿಮೀಟರ್. ಈ ಸಾಲ್ವೆಂಟ್ ಜೋಡಿಯ ಅನುಕೂಲ ಏನೆಂದರೆ ಅದು ಜೀವಕೋಶದ ಆಕಾರ ಕೆಡಿಸುವುದಿಲ್ಲ. ಓಡಿಸಿದ ಅದೇ ಸ್ಲೈಡ್ ಅನ್ನು ಆಮೇಲೆ ಎಚ್ ಅಂಡ್ ಇ (ಪೆಥಾಲಜಿಯ ಮಾಮೂಲಿ) ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಮೆಥನಾಲ್-ನೀರು ಸಿಗ್ನಲ್ ಚೆನ್ನಾಗಿ ಕೊಡಬಹುದು, ಆದರೆ ಅಂಗಾಂಶವನ್ನು ತೊಳೆದುಬಿಡುತ್ತದೆ. ಯಾವ ಕೋಶ ಅಳೆದಿರಿ ಎಂದು ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.

ಡೈಮೀಥೈಲ್‌ಫಾರ್ಮಮೈಡ್ ಯಕೃತ್ತಿಗೂ ಗರ್ಭಕ್ಕೂ ಒಳ್ಳೆಯದಲ್ಲ. ಓಟಿಯ ಗಾಳಿಗೆ ಬಿಡುವಂತಿಲ್ಲ. ಸೋರ್ಸ್ ಸುತ್ತ ಮುಚ್ಚಿದ ಪೆಟ್ಟಿಗೆ, ಅದರಿಂದ ಹೊರಕ್ಕೆ ಎಕ್ಸಾಸ್ಟ್, ಇವು ಮೊದಲ ದಿನದಿಂದ ಇರಬೇಕು. ಹೇಗೂ ತಾಜಾ ಮೆದುಳಿನ ಅಂಗಾಂಶದ ಮೇಲೆ 150 ಪಿಎಸ್‌ಐ ಅನಿಲ ಊದುತ್ತಿದ್ದೀರಿ. ಏಳುವ ತುಂತುರಿಗಾಗಿಯೂ ಆ ಪೆಟ್ಟಿಗೆ ಬೇಕು.

---

ಮಸೂರ

ಎರಡನೆಯ ತೊಡಕು, ಸ್ಮಿಯರ್‌ನಿಂದ ಸ್ಮಿಯರ್‌ಗೆ ವ್ಯತ್ಯಾಸ. ಇದರಲ್ಲಿ ಉಪಕರಣದ ಪಾಲು ಕಡಿಮೆ, ಕೈಯ ಪಾಲು ಜಾಸ್ತಿ.

ಚೂರು ಎಷ್ಟು ಬೇಕು? ಅಕ್ಕಿಕಾಳಿನ ಅರ್ಧ ಸಾಕು, ಒಂದೆರಡು ಮಿಲಿಮೀಟರ್. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂದು ಸರ್ಜನ್ ಕಡೆಯವರು ಭಾವಿಸುತ್ತಾರೆ, ದಪ್ಪ ಸ್ಮಿಯರ್ ಆಗುವುದು ಅದರಿಂದಲೇ. ಎರಡು ಸ್ಲೈಡ್ ನಡುವೆ ಒತ್ತಿ ಒಂದೇ ಎಳೆತದಲ್ಲಿ ಎಳೆಯಬೇಕು. ನೀರುದೋಸೆಯಷ್ಟು ತೆಳು ಇರಬೇಕು, ಸೆಟ್ ದೋಸೆ ಆಗಬಾರದು. ದಪ್ಪ ಜಾಗದಲ್ಲಿ ಸ್ಪ್ರೇ ಮೇಲ್ಪದರ ಮಾತ್ರ ಕರಗಿಸುತ್ತದೆ, ಅಂಗಾಂಶ ಎದ್ದು ಇನ್ಲೆಟ್‌ಗೆ ಹಾರುತ್ತದೆ, ಮುಂದಿನ ಎರಡು ಮೂರು ಸ್ಯಾಂಪಲ್‌ಗಳಲ್ಲಿ ಅದರ ಪಳೆಯುಳಿಕೆ ಕಾಣಿಸುತ್ತದೆ. ಪ್ರತಿ ಸ್ಯಾಂಪಲ್ ನಡುವೆ ಖಾಲಿ ಗಾಜಿನ ಮೇಲೆ ಸ್ಪ್ರೇ ಹಾಯಿಸಿ 147 ಮತ್ತು 146 ಎರಡೂ ತಳಮಟ್ಟಕ್ಕೆ ಬಂದದ್ದು ನೋಡಿದ ಮೇಲೆಯೇ ಮುಂದಿನದು.

ಸಲೈನ್. ಇದು ದೊಡ್ಡ ವಿಷಯ. ಬಯಾಪ್ಸಿ ಒಣಗಬಾರದೆಂದು ಅದನ್ನು ಸಲೈನ್ ಬಟ್ಟಲಿಗೆ ಹಾಕುವ ಅಭ್ಯಾಸ ಓಟಿಯಲ್ಲಿ ಇದ್ದೇ ಇರುತ್ತದೆ. 2-ಎಚ್‌ಜಿ ನೀರಿನಲ್ಲಿ ಚೆನ್ನಾಗಿ ಕರಗುವ ಸಣ್ಣ ಅಣು. ಗ್ಲುಟಮೇಟ್ ಕೂಡ ಹಾಗೆಯೇ. ಚೂರು ಚಿಕ್ಕದಾದಷ್ಟೂ ಸಲೈನ್‌ಗೆ ಬೇಗ ಇಳಿದುಹೋಗುತ್ತವೆ. ಉಳಿದದ್ದನ್ನು ಸೋಡಿಯಂ ಹಿಸುಕುತ್ತದೆ, ಅಯಾನೀಕರಣವೇ ಕುಸಿಯುತ್ತದೆ. ಚೂರನ್ನು ನೇರವಾಗಿ ಒಣ ಪೆಟ್ರಿ ಡಿಶ್ ಅಥವಾ ಮುಚ್ಚಳವಿರುವ ಟ್ಯೂಬಿಗೆ ಹಾಕಿಸಿ, ತೇವ ಜಾಸ್ತಿ ಇದ್ದರೆ ಫಿಲ್ಟರ್ ಪೇಪರ್ ಅಂಚಿಗೆ ಮುಟ್ಟಿಸಿ ಹೀರಿಸಿ. ಗಾಜ್ ಬಟ್ಟೆಯಲ್ಲಿ ಸುತ್ತಿ ಕಳಿಸಿದರೆ ಅರ್ಧ ಚೂರು ಬಟ್ಟೆಯಲ್ಲೇ ಉಳಿದಿರುತ್ತದೆ. ಫಾರ್ಮಲಿನ್‌ಗೆ ಹಾಕಿದರೆ ಗ್ಲುಟಮೇಟಿನ ಅಮೈನ್ ಜೊತೆ ಫಾರ್ಮಾಲ್ಡಿಹೈಡ್ ಪ್ರತಿಕ್ರಿಯಿಸುತ್ತದೆ, ಅನುಪಾತಕ್ಕೆ ಅರ್ಥವೇ ಇರುವುದಿಲ್ಲ.

ರಕ್ತ ಹೆಚ್ಚಿದ್ದರೆ ಎರಡೂ ಸಿಗ್ನಲ್ ತೆಳುವಾಗುತ್ತವೆ. ಕಾಟರಿಯಲ್ಲಿ ಸುಟ್ಟ ಅಂಚಿನ ಚೂರು ಬೇಡ. ರಕ್ತ ನಿಲ್ಲಿಸಲು ಇಟ್ಟ ಸೆಲ್ಯುಲೋಸ್ ಜಾಲರಿಯ ಎಳೆ ಅಂಟಿಕೊಂಡಿದ್ದರೆ ತೆಗೆದುಹಾಕಿ.

ಇನ್ನು ನಿಮ್ಮದು ಫ್ರೀಜರ್ ಅಂಗಾಂಶ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ತುಣುಕಿನಲ್ಲಿ ಕೋಶ ಒಡೆದು ದ್ರವ ಒಂದು ಕಡೆ ಸೇರಿರುತ್ತದೆ. ಅದೇ ತುಣುಕಿನ ಎರಡು ಮೂಲೆ ಎರಡು ಉತ್ತರ ಕೊಟ್ಟರೆ ಆಶ್ಚರ್ಯವಿಲ್ಲ. ತುಣುಕು ತೆಗೆದದ್ದು ಗಡ್ಡೆಯ ನಡುವಿನಿಂದಲೋ, ನೆಕ್ರೋಸಿಸ್ ಆದ (ಕೋಶ ಸತ್ತ) ಭಾಗದಿಂದಲೋ ಎನ್ನುವುದನ್ನೂ ಸ್ಲೈಡಿನಲ್ಲಿ ನೋಡದೆ ಹೇಳಲಾಗದು. ನೆಕ್ರೋಸಿಸ್‌ನಲ್ಲಿ 2-ಎಚ್‌ಜಿಯೂ ಇಲ್ಲ, ಗ್ಲುಟಮೇಟೂ ಇಲ್ಲ. ಎರಡು ಸಣ್ಣ ಗದ್ದಲಗಳನ್ನು ಭಾಗಿಸಿದರೆ ಯಾವ ಅಂಕಿ ಬೇಕಾದರೂ ಬರುತ್ತದೆ. ಅದಕ್ಕೇ ಅನುಪಾತ ನೋಡುವ ಮೊದಲು 146→128ರ ಎಣಿಕೆಗೆ ಒಂದು ಕನಿಷ್ಠ ಮಿತಿ ಇಡಿ. ಅದರ ಕೆಳಗೆ ಇದ್ದರೆ "ಮತ್ತೊಂದು ಚೂರು ಕೊಡಿ" ಅಷ್ಟೇ ಉತ್ತರ.

ಅಂಗಾಂಶದಲ್ಲಿ ಏನಿದೆ ಎಂದು ತಿಳಿಯಲು ಫುಲ್ ಸ್ಕ್ಯಾನ್ ಕೂಡ ತೆಗೆದುಕೊಳ್ಳಿ, ಹತ್ತಿಪ್ಪತ್ತು ಸೆಕೆಂಡಿನ ಕೆಲಸ. 174.04ರಲ್ಲಿ ಎನ್-ಅಸಿಟೈಲ್ ಆಸ್ಪಾರ್ಟೇಟ್ ಎತ್ತರವಾಗಿದ್ದರೆ ನ್ಯೂರಾನ್‌ಗಳು ಇನ್ನೂ ಇವೆ. 888.6ರ ಸಲ್ಫಟೈಡ್ ಬಿಳಿ ದ್ರವ್ಯ ಹೇಳುತ್ತದೆ, 834.5ರ ಫಾಸ್ಫಟಿಡೈಲ್‌ಸೆರಿನ್ ಬೂದು ದ್ರವ್ಯ. ಗಡ್ಡೆಯ ನಡುಭಾಗ ಎಂದು ಬರೆದು ಕಳಿಸಿದ ಚೂರಿನಲ್ಲಿ 174 ಮತ್ತು 888 ಎದ್ದು ನಿಂತಿದ್ದರೆ ಅದು ನಡುಭಾಗದ ಚೂರಲ್ಲ, ಅದರ ಮೇಲೆ "ವೈಲ್ಡ್ ಟೈಪ್" ಎಂದು ಬರೆದು ಕಳಿಸಿದರೆ ತಪ್ಪು ನಿಮ್ಮದಾಗುತ್ತದೆ.

---

ಪ್ರೈಮರ್

ಬೇಸರ ಮಾಡಿಕೊಳ್ಳಬೇಡಿ, ಇಷ್ಟೆಲ್ಲ ಯಾಕೆ? ಆಪರೇಷನ್ ನಡುವೆ ಪಿಸಿಆರ್ ಮಾಡಿದರೆ ಜೀನ್ ಅನ್ನೇ ನೇರವಾಗಿ ನೋಡಬಹುದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ ಐಡಿಎಚ್1 ಮತ್ತು ಟರ್ಟ್ ಪ್ರೊಮೋಟರ್ (ಟರ್ಟ್ ಎಂಬ ಇನ್ನೊಂದು ಜೀನ್‌ನ ಸ್ವಿಚ್ ಭಾಗ) ಎರಡರ ಮ್ಯುಟೇಶನ್ನನ್ನೂ ಅರ್ಧ ಗಂಟೆಯೊಳಗೆ ತೋರಿಸಿದೆ. ಸಣ್ಣ ಪೆಟ್ಟಿಗೆ, ನೈಟ್ರೋಜನ್ ಸಿಲಿಂಡರ್ ಬೇಡ, ಟರ್ಬೋ ಪಂಪ್ ಬೇಡ. ಟರ್ಟ್ ಮ್ಯುಟೇಶನ್ ಇದ್ದರೆ ಆಲಿಗೋಡೆಂಡ್ರೋಗ್ಲಯೋಮಾ ಕಡೆಗೋ ಗ್ಲಯೋಬ್ಲಾಸ್ಟೋಮಾ ಕಡೆಗೋ ಎಂಬ ಸುಳಿವೂ ಸಿಗುತ್ತದೆ. 2-ಎಚ್‌ಜಿ ಅದನ್ನು ಎಂದೂ ಹೇಳುವುದಿಲ್ಲ.

---

ಮಸೂರ

ಟರ್ಟ್ ಬಗ್ಗೆ ಹೇಳಿದ್ದು ಸರಿ, ಒಪ್ಪಿದೆ. 2-ಎಚ್‌ಜಿ ಹೇಳುವುದು ಒಂದೇ ಮಾತು: ಐಡಿಎಚ್ ಮ್ಯುಟೆಂಟ್ ಹೌದೋ ಅಲ್ಲವೋ. 1ಪಿ/19ಕ್ಯೂ ಎಂಬ ಕ್ರೋಮೋಸೋಮ್ ತೋಳುಗಳು ಎರಡೂ ಕಳೆದಿವೆಯೇ, ಸಿಡಿಕೆಎನ್2ಎ ಜೀನ್ ಹೋಗಿದೆಯೇ ಎಂದು ಅದಕ್ಕೆ ಗೊತ್ತಿಲ್ಲ. 2021ರ ಡಬ್ಲ್ಯುಎಚ್‌ಒ ವರ್ಗೀಕರಣಕ್ಕೆ ಇವೆಲ್ಲ ಬೇಕು, ಅವು ಆಮೇಲೆ ಲ್ಯಾಬಿನಿಂದಲೇ ಬರಬೇಕು. ಆಲಿಗೋಡೆಂಡ್ರೋಗ್ಲಯೋಮಾ ಎಂದೋ ಆಸ್ಟ್ರೋಸೈಟೋಮಾ ಎಂದೋ (ಐಡಿಎಚ್ ಮ್ಯುಟೆಂಟ್ ಗ್ಲಯೋಮಾದ ಎರಡು ಬಗೆ) ಮಾಸ್ ಸ್ಪೆಕ್ ವರದಿಯಲ್ಲಿ ಬರೆಯಬೇಡಿ.

ಆದರೆ ಪಿಸಿಆರ್ ನೀವು ಯಾವ ಪ್ರೈಮರ್, ಯಾವ ಪ್ರೋಬ್ ಹಾಕಿದಿರೋ ಅದನ್ನೇ ಕಾಣುತ್ತದೆ. ಗ್ಲಯೋಮಾದ ಐಡಿಎಚ್ ಮ್ಯುಟೇಶನ್‌ಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಐಡಿಎಚ್1 ಆರ್132ಎಚ್ (132ನೇ ಸ್ಥಾನದ ಆರ್ಜಿನೈನ್ ಹಿಸ್ಟಿಡಿನ್ ಆಗುವುದು). ಉಳಿದದ್ದು ಆರ್132ಸಿ, ಆರ್132ಜಿ, ಆರ್132ಎಸ್, ಆರ್132ಎಲ್, ಜೊತೆಗೆ ಐಡಿಎಚ್2ರ ಆರ್172. ಎಚ್09 ಆಂಟಿಬಾಡಿಯ ಬಣ್ಣ ಪರೀಕ್ಷೆಯೂ ಆರ್132ಎಚ್ ಒಂದನ್ನೇ ಹಿಡಿಯುತ್ತದೆ. ಇವುಗಳಲ್ಲಿ ಅಮೈನೋ ಆಮ್ಲ ಯಾವುದು ಬದಲಾದರೂ ಕಿಣ್ವ ಮಾಡುವ ಕಿತಾಪತಿ ಒಂದೇ. ಐಸೋಸಿಟ್ರೇಟ್‌ನಿಂದ ಆಲ್ಫಾ-ಕೀಟೋಗ್ಲುಟರೇಟ್ ಮಾಡಬೇಕಾದದ್ದು, ಆ ಆಲ್ಫಾ-ಕೀಟೋಗ್ಲುಟರೇಟನ್ನೇ 2-ಎಚ್‌ಜಿ ಆಗಿ ತಿರುಗಿಸುತ್ತದೆ. 2009ರಲ್ಲಿ ಇದು ಗೊತ್ತಾಯಿತು. ಗಡ್ಡೆಯಲ್ಲಿ ಗ್ರಾಮಿಗೆ 5ರಿಂದ 35 ಮೈಕ್ರೋಮೋಲ್‌ವರೆಗೆ ಶೇಖರವಾಗುತ್ತದೆ, ಮ್ಯುಟೇಶನ್ ಇಲ್ಲದ ಅಂಗಾಂಶದಲ್ಲಿ ಅದರ ನೂರನೇ ಒಂದು ಭಾಗ ಕೂಡ ಇರುವುದಿಲ್ಲ. ಜೀನ್‌ನ ಒಂದು ಅಕ್ಷರ ಹುಡುಕುವುದಕ್ಕೂ ಇಷ್ಟು ರಾಶಿ ಬಿದ್ದ ಅಣುವನ್ನು ಅಳೆಯುವುದಕ್ಕೂ ವ್ಯತ್ಯಾಸ ಇದೆ. ಎಕ್ಸ್‌ಟ್ರ್ಯಾಕ್ಷನ್ ಇಲ್ಲ, ಆಂಪ್ಲಿಫಿಕೇಶನ್ ಇಲ್ಲ. ಸ್ಮಿಯರ್ ಸಿದ್ಧವಿದ್ದರೆ ಎರಡು ಮೂರು ನಿಮಿಷದಲ್ಲಿ ಒಂದು ಚೂರು ಮುಗಿಯುತ್ತದೆ. ಒಂದೇ ಆಪರೇಷನ್ನಿನಲ್ಲಿ ಹತ್ತು ಜಾಗದ ಹತ್ತು ಚೂರು ನೋಡಬೇಕೆಂದರೆ ಪಿಸಿಆರ್‌ನ ಲೆಕ್ಕ ಬೇರೆ ಆಗುತ್ತದೆ.

---

ಬುರುಡೆಬಾಗಿಲು

ಆಪರೇಷನ್ ಮಾಡುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಉತ್ತರ ಯಾರಿಗೆ, ಯಾವಾಗ ಬೇಕು ಎನ್ನುವುದು ಗೊತ್ತಿಲ್ಲದೆ ಕಟ್‌ಆಫ್ ಇಡಲಾಗದು.

ಫ್ರೋಜನ್ ಸೆಕ್ಷನ್‌ಗೆ ಇಪ್ಪತ್ತು ಮೂವತ್ತು ನಿಮಿಷ. ಅದು "ಗ್ಲಯೋಮಾ" ಅನ್ನುತ್ತದೆ, ಕೆಲವು ಸಲ "ಗ್ಲಯೋಮಾನೋ ಗ್ಲಯೋಸಿಸ್ಸೋ (ಗಡ್ಡೆಯಲ್ಲದ, ಗಾಯದ ಕಲೆಯಂಥ ಬದಲಾವಣೆ) ಹೇಳಲಾಗದು" ಅನ್ನುತ್ತದೆ. ಐಡಿಎಚ್ ಗೊತ್ತಾಗುವುದಿಲ್ಲ. ಎಂಆರ್‌ಐನಲ್ಲಿ ಟಿ2-ಫ್ಲೇರ್ ಮಿಸ್‌ಮ್ಯಾಚ್ (ಟಿ2 ಚಿತ್ರದಲ್ಲಿ ಹೊಳೆಯುವ ಗಡ್ಡೆ ಫ್ಲೇರ್ ಚಿತ್ರದಲ್ಲಿ ಮಂಕಾಗುವುದು) ಕಂಡರೆ ಐಡಿಎಚ್ ಮ್ಯುಟೆಂಟ್ ಆಸ್ಟ್ರೋಸೈಟೋಮಾ ಎಂದು ಬಹುಮಟ್ಟಿಗೆ ನಂಬಬಹುದು, ಆದರೆ ಬಹಳ ಗಡ್ಡೆಗಳಲ್ಲಿ ಅದು ಕಾಣುವುದೇ ಇಲ್ಲ.

ಉತ್ತರ ಮ್ಯುಟೆಂಟ್ ಎಂದಾದರೆ, ಮಾತು ಚಲನೆಗೆ ಪೆಟ್ಟಾಗದಷ್ಟು ಜಾಗದಲ್ಲಿ ಫ್ಲೇರ್ ಹೊಳಪಿನ ತುದಿಯವರೆಗೆ, ಸಾಧ್ಯವಾದರೆ ಅದರಾಚೆಗೂ ತೆಗೆಯಲು ಕಾರಣ ಬಲವಾಗುತ್ತದೆ, ಅದರಲ್ಲೂ ಆಸ್ಟ್ರೋಸೈಟೋಮಾ ಆದರೆ. ಮತ್ತೆ, ಇಂಥ ಕಡಿಮೆ ದರ್ಜೆಯ ಗಡ್ಡೆಗಳು 5-ಎಎಲ್‌ಎ (ಗಡ್ಡೆಯನ್ನು ಹೊಳೆಯಿಸಲು ಕುಡಿಸುವ ಔಷಧ) ಕೊಟ್ಟರೂ ನೀಲಿ ಬೆಳಕಿನಲ್ಲಿ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಅಂಚು ತೋರಿಸುವ ದೀಪ ಕೈಕೊಡುವ ಕಡೆಯೇ 2-ಎಚ್‌ಜಿ ಕೈಹಿಡಿಯಬಹುದು ಎನ್ನುವ ಆಸೆ ಅದಕ್ಕೇ.

ಆದರೆ ಅಂಚಿನ ಬಗ್ಗೆ ನಿಧಾನ ಮಾಡಿ. ಅಂಚಿನಲ್ಲಿ ಗಡ್ಡೆಯ ಕೋಶ ನೂರಕ್ಕೆ ಹತ್ತೋ ಐದೋ ಇರುತ್ತದೆ, ಉಳಿದದ್ದು ಸರಿಯಾದ ಮೆದುಳು. 2-ಎಚ್‌ಜಿ ಕೋಶದ ಪ್ರಮಾಣಕ್ಕೆ ತಕ್ಕಂತೆ ಇಳಿಯುತ್ತದೆ. ಅದೇ ಹೊತ್ತಿಗೆ ಸರಿಯಾದ ಮೆದುಳಿನ ಗ್ಲುಟಮೇಟ್ ಛೇದದಲ್ಲಿ ಬಂದು ಕೂರುತ್ತದೆ. ಮೇಲಿನದು ಇಳಿದು ಕೆಳಗಿನದು ಏರಿದರೆ ಅನುಪಾತ ಇನ್ನೂ ಬೇಗ ಕುಸಿಯುತ್ತದೆ, ಮತ್ತು ಅಯಾನ್‌ಗಾಳಿ ಹೇಳಿದ ಆ 0.06ರ ನೆಲಕ್ಕೆ ಬಂದು ಮುಟ್ಟುತ್ತದೆ. ಗಡ್ಡೆಯ ನಡುಭಾಗಕ್ಕೆ ಇಟ್ಟ ಕಟ್‌ಆಫ್ ಅಂಚಿಗೆ ಹಾಕಿದರೆ ಗಡ್ಡೆ ಉಳಿದಿರುವ ಅಂಚೂ "ಶುದ್ಧ" ಎಂದು ಬರಬಹುದು. ಅಂಚಿನಲ್ಲಿ ಏರಿದ ಅನುಪಾತಕ್ಕೆ ಬೆಲೆ ಇದೆ. ಇಳಿದ ಅನುಪಾತಕ್ಕೆ "ಗಡ್ಡೆ ಇಲ್ಲ" ಎಂಬ ಅರ್ಥ ಕೊಡಲಾಗದು.

ಪ್ರತಿ ಚೂರಿನ ಜೊತೆ ನ್ಯಾವಿಗೇಶನ್ ಪರದೆಯ ಒಂದು ಫೋಟೋ ಉಳಿಸಿ, ಚೂರಿನ ನಂಬರ್ ಅದರ ಮೇಲೆ ಇರಲಿ. ಡ್ಯೂರಾ (ಮೆದುಳಿನ ಹೊರಪೊರೆ) ತೆರೆದು ದ್ರವ ಹರಿದ ಮೇಲೆ ಮೆದುಳು ಜಾರಿರುತ್ತದೆ, ಕೊನೆಯ ಚೂರುಗಳ ಸ್ಥಾನ ಕೆಲವು ಮಿಲಿಮೀಟರ್ ಸುಳ್ಳು ಹೇಳುತ್ತದೆ. ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಇನ್ನು ಒಂದು ಬಲೆ, ಇದನ್ನು ಯಾರೂ ಇನ್ನೂ ಹೇಳಿಲ್ಲ. ಎರಡನೇ ಸಲ ಆಪರೇಷನ್‌ಗೆ ಬರುವ ರೋಗಿ ವೊರಾಸಿಡೆನಿಬ್ ತೆಗೆದುಕೊಳ್ಳುತ್ತಿದ್ದಾರೆಯೇ ಕೇಳಿ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಸಿಕ್ಕ ಈ ಮಾತ್ರೆ ಮ್ಯುಟೆಂಟ್ ಕಿಣ್ವವನ್ನೇ ತಡೆಯುತ್ತದೆ. ಗಡ್ಡೆಯಲ್ಲಿನ 2-ಎಚ್‌ಜಿ ಶೇ 90ಕ್ಕಿಂತ ಹೆಚ್ಚು ಇಳಿಯಬಲ್ಲದು. ಮ್ಯುಟೇಶನ್ ಅಲ್ಲೇ ಇರುತ್ತದೆ, ಪಿಸಿಆರ್‌ಗೆ ಸಿಗುತ್ತದೆ, ಆಂಟಿಬಾಡಿ ಬಣ್ಣವೂ ಹಿಡಿಯುತ್ತದೆ. ನಿಮ್ಮ ಉಪಕರಣ ಮಾತ್ರ "ವೈಲ್ಡ್ ಟೈಪ್" ಅನ್ನುತ್ತದೆ. ಐವೊಸಿಡೆನಿಬ್‌ಗೂ ಇದೇ ಮಾತು. ಓಟಿ ಚೆಕ್‌ಲಿಸ್ಟ್‌ನಲ್ಲಿ ಒಂದು ಸಾಲು ಸೇರಿಸಿ.

---

ಪ್ರೈಮರ್

ಈ ಮಾತ್ರೆಯ ವಿಷಯ ಯೋಚಿಸಿರಲಿಲ್ಲ. ಇದಕ್ಕಾದರೂ ಪಿಸಿಆರ್ ಪಕ್ಕದಲ್ಲಿ ಇಟ್ಟುಕೊಳ್ಳಿ ಎಂಬ ನನ್ನ ವಾದ ಹಾಗೇ ಉಳಿಯಿತು ಅಲ್ಲವೇ!

---

ಕಟ್‌ಆಫ್

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಬೇರೆಯವರ ಕಟ್‌ಆಫ್ ತರಬೇಡಿ. ಮೇಲೆ ಬಂದ ಎಲ್ಲ ಕಾರಣಗಳಿಂದ (ಐಸೋಲೇಶನ್ ಅಗಲ, ಕೊಲಿಷನ್ ಎನರ್ಜಿ, ಸೋರ್ಸ್ ಬಿಸಿ, ಸಾಲ್ವೆಂಟ್) ಅನುಪಾತ ಎನ್ನುವುದು ಉಪಕರಣದ ಸ್ವಂತ ಅಂಕಿ. ಅದಕ್ಕೆ ಸಾರ್ವತ್ರಿಕ ಅರ್ಥವಿಲ್ಲ.

ಇದನ್ನು ಚೆನ್ನಾಗಿ ತೋರಿಸಿದ್ದು 2024ರ ಒಂದು ಪ್ರಬಂಧ. ಫ್ಲಾರಿಡಾದ ಜಾಕ್ಸನ್‌ವಿಲ್‌ನ ಮೇಯೊ ಕ್ಲಿನಿಕ್‌ನಲ್ಲಿ 31 ರೋಗಿಗಳು, ಶಾಂಘೈನ ಹುವಾಶಾನ್ ಆಸ್ಪತ್ರೆಯಲ್ಲಿ 74 ರೋಗಿಗಳು. ಎರಡು ಕಡೆ ಬೇರೆ ಬೇರೆ ಅಯಾನೀಕರಣ, ಬೇರೆ ಬೇರೆ ಉಪಕರಣ. ಎರಡೂ ಕಡೆ ನೋಡಿದ್ದು ಟ್ಯಾಂಡೆಮ್‌ನಲ್ಲಿ 2-ಎಚ್‌ಜಿ ಮತ್ತು ಗ್ಲುಟಮೇಟ್ ಅನುಪಾತ. ಗಡ್ಡೆಯ ನಡುಭಾಗದ ಬಯಾಪ್ಸಿಯಲ್ಲಿ ಒಬ್ಬ ರೋಗಿಯನ್ನೂ ತಪ್ಪಾಗಿ ವಿಂಗಡಿಸಲಿಲ್ಲ. ನಾವು ಅಲ್ಲಿಂದ ಕಲಿಯಬೇಕಾದದ್ದು ಅನುಪಾತ ಎಂಬ ಉಪಾಯವನ್ನು. ಅಂಕಿಯನ್ನು ಪ್ರತಿ ಲ್ಯಾಬೂ ತನ್ನದನ್ನೇ ಕಂಡುಕೊಳ್ಳಬೇಕು. ಅಂದಹಾಗೆ ಇದರ ಹಿಂದೆ ಉದ್ದದ ಹಾದಿಯಿದೆ: ಡೆಸಿ ಹುಟ್ಟಿದ್ದು 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ಪ್ರಯೋಗಾಲಯದಲ್ಲಿ, ಆಪರೇಷನ್ ನಡುವೆ 2-ಎಚ್‌ಜಿ ಅಳೆಯಬಹುದೆಂದು ಬಾಸ್ಟನ್ನಿನ ಬ್ರಿಗಂ ಅಂಡ್ ವಿಮೆನ್ಸ್ ಆಸ್ಪತ್ರೆಯ ತಂಡ ಪ್ರಕಟಿಸಿದ್ದು 2014ರಲ್ಲಿ.

"ಶೇ 100" ಎಂಬುದನ್ನು ಓದುವ ರೀತಿ ಒಂದಿದೆ. 31ರಲ್ಲಿ ಒಂದೂ ತಪ್ಪಿಲ್ಲ ಎಂದರೆ ನಿಜವಾದ ತಪ್ಪಿನ ಪ್ರಮಾಣ ಹೆಚ್ಚೆಂದರೆ 3 ಭಾಗಿಸು 31, ಅಂದರೆ ಶೇ 10ರ ಒಳಗೆ ಎಂದಷ್ಟೇ ಧೈರ್ಯವಾಗಿ ಹೇಳಬಹುದು. ಎರಡೂ ಸೇರಿ 105 ಆದರೆ ಶೇ 3ರ ಒಳಗೆ. ನಿಮ್ಮ ಫ್ರೀಜರಿನ ಹತ್ತು ಮ್ಯುಟೆಂಟ್, ಹತ್ತು ವೈಲ್ಡ್ ಟೈಪ್ ಎಲ್ಲವೂ ಸರಿಯಾಗಿ ಬಂದರೆ ಈ ಲೆಕ್ಕದಲ್ಲಿ ಒಂದೊಂದು ಗುಂಪಿಗೂ ಶೇ 30ರವರೆಗೆ ತಪ್ಪಿಗೆ ಜಾಗ ಉಳಿದೇ ಇರುತ್ತದೆ. ಸರ್ಜನ್ ಮುಂದೆ ಹಿಗ್ಗಿ ಹೇಳುವ ಮೊದಲು ಇದು ನೆನಪಿರಲಿ.

ಹೀಗೆ ಮಾಡಿ. ಸೀಕ್ವೆನ್ಸಿಂಗ್ ಆದ ತುಣುಕುಗಳನ್ನು ಎರಡು ಪಾಲು ಮಾಡಿ. ಒಂದು ಪಾಲಿನಲ್ಲಿ ಕಟ್‌ಆಫ್ ಕಂಡುಕೊಳ್ಳಿ, ಅದನ್ನು ಬರೆದು ಸಹಿ ಹಾಕಿ ಮುಚ್ಚಿಡಿ, ಎರಡನೆಯ ಪಾಲನ್ನು ಹೆಸರು ಮರೆಮಾಡಿ ಓಡಿಸಿ. ಮೊದಲ ಪಾಲಿನಲ್ಲಿ ಆರ್132ಎಚ್ ಅಲ್ಲದವು, ಐಡಿಎಚ್2 ಒಂದೆರಡಾದರೂ ಇರಲಿ. ಗಡ್ಡೆಯೇ ಅಲ್ಲದ ಗ್ಲಯೋಸಿಸ್, ಎಪಿಲೆಪ್ಸಿ ಆಪರೇಷನ್ನಿನ ಮೆದುಳು ಕೂಡ ಸೇರಿಸಿ, ಏಕೆಂದರೆ ಗ್ಲುಟಮೇಟ್ ಹೆಚ್ಚಿರುವ ಅಂಗಾಂಶದಲ್ಲಿ ನೆಲ ಹೇಗಿದೆ ಎಂದು ಗೊತ್ತಾಗಬೇಕು. ಒಂದೊಂದು ತುಣುಕಿನಿಂದ ಮೂರು ಸ್ಮಿಯರ್. ಮೂರರ ನಡುವಿನ ಹರಡು ಎಷ್ಟೋ, ಕಟ್‌ಆಫ್‌ನ ಎರಡೂ ಬದಿಗೆ ಕನಿಷ್ಠ ಅಷ್ಟು ಅಗಲದ "ಹೇಳಲಾಗದು" ಪಟ್ಟಿ ಬಿಡಿ. ವರದಿಯಲ್ಲಿ ಮೂರೇ ಪದ ಇರಲಿ: ಮ್ಯುಟೆಂಟ್, ಮ್ಯುಟೆಂಟ್ ಅಲ್ಲ, ಹೇಳಲಾಗದು. ಅನುಪಾತದ ಅಂಕಿಯನ್ನು ಫೋನಿನಲ್ಲಿ ಓಟಿಗೆ ಓದಿ ಹೇಳಬೇಡಿ; "0.3 ಅಂದರೆ ಒಳ್ಳೆಯದೋ ಕೆಟ್ಟದೋ" ಎಂಬ ಚರ್ಚೆ ಬುರುಡೆ ತೆರೆದಿಟ್ಟುಕೊಂಡು ಮಾಡುವಂಥದ್ದಲ್ಲ.

---

ಗಾಜುಪಟ್ಟಿ

ಐಸೋಟೋಪ್ ಹಾಕಿದ ಸ್ಟಾಂಡರ್ಡ್ ಬಳಸಿದರೆ ಈ ಅನುಪಾತದ ಗೋಜಲಿನಿಂದ ಪಾರಾಗಬಹುದೇ? ಕಾರ್ಬನ್-13 ಐದೂ ಇರುವ 2-ಎಚ್‌ಜಿ ಸಿಗುತ್ತದೆ.

---

ಅಯಾನ್‌ಗಾಳಿ

ಸಿಗುತ್ತದೆ, 152ರಲ್ಲಿ ಕಾಣುತ್ತದೆ. ಡ್ಯುಟೀರಿಯಂ ಐದಿರುವ ಗ್ಲುಟಮೇಟ್ 151. ಚೂರನ್ನು ಸಾಲ್ವೆಂಟಿನಲ್ಲಿ ಅರೆದು ದ್ರವ ತೆಗೆಯುವ ವಿಧಾನವಾದರೆ ಬಹಳ ಒಳ್ಳೆಯ ದಾರಿ, ದ್ರವದೊಂದಿಗೆ ಸಮವಾಗಿ ಬೆರೆಯುತ್ತದೆ. ಸ್ಮಿಯರ್ ಮೇಲೆ ಹನಿ ಹಾಕಿದರೆ ಅಂಗಾಂಶದೊಳಗಿನ ಅಣುವಿನ ಜೊತೆ ಅದು ಬೆರೆಯುವುದೇ ಇಲ್ಲ, ಮೇಲೆ ಒಣಗಿ ಕೂರುತ್ತದೆ. ಮೊದಲ ಸೆಕೆಂಡಿನಲ್ಲಿ ಎಲ್ಲ ಎದ್ದುಹೋಗುತ್ತದೆ. ಸ್ಪ್ರೇ ಸಾಲ್ವೆಂಟಿಗೇ ಹಾಕಿದರೆ ಸ್ಪ್ರೇ ಏರಿಳಿತ ಸರಿಪಡಿಸುತ್ತದೆ, ಅಂಗಾಂಶದ ದಪ್ಪ ತೆಳು ಸರಿಪಡಿಸುವುದಿಲ್ಲ. ಅಂಗಾಂಶದ ಒಳಗೇ ಇರುವ ಗ್ಲುಟಮೇಟ್ ಛೇದವಾಗಿ ಚೆನ್ನಾಗಿ ಕೆಲಸ ಮಾಡುವುದು ಅದಕ್ಕೇ: ಅಣುವಿನ ತೂಕ, ಆಮ್ಲದ ಗುಣ ಎರಡೂ ಹತ್ತಿರ, ಸ್ಮಿಯರ್ ತೆಳುವಾದರೆ ಎರಡೂ ಜೊತೆಗೇ ಇಳಿಯುತ್ತವೆ.

ಬೆಳಿಗ್ಗೆಯ ಕ್ರಮ ಹೀಗಿರಲಿ. ಮೊದಲ ಛೇದನಕ್ಕೆ ಒಂದು ಗಂಟೆ ಮುಂಚೆ ಖಾಲಿ ಗಾಜು, ಆಮೇಲೆ ಗ್ಲುಟಮೇಟ್ ಮಾತ್ರ ಇರುವ ಚುಕ್ಕೆ, ಆಮೇಲೆ ಗೊತ್ತಿರುವ ಅನುಪಾತದ ಮಿಶ್ರಣದ ಚುಕ್ಕೆ. ಮೂರೂ ನಿನ್ನೆಯ ಮಿತಿಯೊಳಗೆ ಬಂದರೆ ಓಟಿಗೆ ಸರಿ ಎಂದು ಹೇಳಿ. ಬರದಿದ್ದರೆ ಎಮಿಟರ್ ತುದಿ ನೋಡಿ, ಒಳಗಿನ ಕ್ಯಾಪಿಲರಿ ಹೊರತುದಿಯಿಂದ ಕೂದಲೆಳೆಯಷ್ಟು ಮಾತ್ರ ಚಾಚಿರಬೇಕು. ಹೆಚ್ಚು ಚಾಚಿದರೆ ಸ್ಪ್ರೇ ಚುಕ್ಕೆ ಹರಡುತ್ತದೆ. ಬದಲಿ ಎಮಿಟರ್ ಒಂದು ಜೋಡಿಸಿ ಸಿದ್ಧವಿಟ್ಟಿರಿ.

ರಾತ್ರಿ ಉಪಕರಣ ಆರಿಸಬೇಡಿ. ನಿರ್ವಾತ ಮತ್ತೆ ಸರಿಹೋಗಲು ಇಡೀ ರಾತ್ರಿ ಹಿಡಿಯಬಹುದು, ಆಪರೇಷನ್ ಅಷ್ಟು ಹೊತ್ತು ಕಾಯುವುದಿಲ್ಲ. ಟರ್ಬೋ ಪಂಪ್‌ಗೆ ಯುಪಿಎಸ್ ಇರಲಿ, ರಫ್ ಪಂಪ್ ಓಟಿ ಹೊರಗೆ ಇರಲಿ, ಅದರ ಎಣ್ಣೆ ಹೊಗೆ ಪ್ರತ್ಯೇಕ ಪೈಪಿನಲ್ಲಿ ಹೋಗಲಿ. ನೈಟ್ರೋಜನ್ ಸಿಲಿಂಡರ್ ಒಂದೇ ಇದ್ದರೆ ಅದು ಮೂರನೆಯ ಚೂರಿಗೇ ಮುಗಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಎರಡು ಸಿಲಿಂಡರ್, ನಡುವೆ ಬದಲಿಸುವ ವಾಲ್ವ್.

---

ಗಾಜುಪಟ್ಟಿ

ಐಸೋಲೇಶನ್ ಅಗಲ 1ಕ್ಕೆ ಇಳಿಸಿ ಗ್ಲುಟಮೇಟ್ ಚುಕ್ಕೆ ಓಡಿಸಿದೆವು: ಅಗಲ 2ರಲ್ಲಿ 0.11, ಅಗಲ 1, ನಡುಬಿಂದು 147.1ರಲ್ಲಿ 0.062. ಅಂದರೆ ಅರ್ಧದಷ್ಟು ಸಿಗ್ನಲ್ 146ರಿಂದ ಸೋರಿ ಬಂದದ್ದು. ವೈಲ್ಡ್ ಟೈಪ್ ತುಣುಕುಗಳೆಲ್ಲ ಈಗ ಅದೇ ನೆಲಕ್ಕೆ ಇಳಿದಿವೆ, ಒಂದನ್ನು ಬಿಟ್ಟು. ಆ ಒಂದು ತುಣುಕು ಮೂರೂ ಸ್ಮಿಯರ್‌ನಲ್ಲಿ ಮೇಲೇ ಇದೆ. ಹಳೆಯ ವರದಿ ತೆಗೆದು ನೋಡಿದರೆ ಅದಕ್ಕೆ "ವೈಲ್ಡ್ ಟೈಪ್" ಎಂದು ಬರೆದದ್ದು ಎಚ್09 ಬಣ್ಣದ ಮೇಲೆ, ಸೀಕ್ವೆನ್ಸಿಂಗ್ ಆಗಿಯೇ ಇಲ್ಲ.

---

ಮಸೂರ

ಅದನ್ನು ಮೊದಲು ಸೀಕ್ವೆನ್ಸಿಂಗ್‌ಗೆ ಕಳಿಸಿ, ಐಡಿಎಚ್1 132 ಮತ್ತು ಐಡಿಎಚ್2 172 ಎರಡೂ. ಉತ್ತರ ಬರುವವರೆಗೆ ಕಟ್‌ಆಫ್ ಲೆಕ್ಕದಲ್ಲಿ ಅದನ್ನು ಯಾವ ಗುಂಪಿಗೂ ಸೇರಿಸಬೇಡಿ.